ಪೆಪ್ಪರ್‌ಮೆಂಟ್ ಸುರಿದವನು ಮೂಸಬಾರದು

ನಾನೀಗ ಬೀಡಿ ಸೇದಿ ನೇರವಾಗಿ ಮನೆಯೊಳಗೆ ಬರುತ್ತೇನೆ. ಯಾರೂ ಏನೂ ಅನ್ನುವುದಿಲ್ಲ. ಮೊದಲು ಹೀಗಿರಲಿಲ್ಲ. ಬೀದಿಯ ತಿರುವಿನಲ್ಲೇ ಬೀಡಿ ಎಸೆದು, ಬೇವಿನ ಸೊಪ್ಪು ಅಗಿದು, ಕೈಗೆ ಮಣ್ಣು ತಿಕ್ಕಿಕೊಂಡು ಹಿತ್ತಲ ಕಡೆಯಿಂದ ಬಂದರೂ ನನ್ನ ಹೆಂಡತಿ ಒಳಗಿನಿಂದಲೇ "ಎಷ್ಟು?" ಎಂದು ಕೇಳುತ್ತಿದ್ದಳು. ನಾನು "ಒಂದು" ಎಂದರೆ "ಎರಡು" ಎಂದು ತಿದ್ದುತ್ತಿದ್ದಳು. ಅವಳು ಹೇಳಿದ್ದೇ ಸರಿಯಾಗಿರುತ್ತಿತ್ತು.

ಅವಳು ಹೋದ ಮೇಲೆ ಒಂದು ಮಳೆಗಾಲ ಕಳೆಯಿತು. ಅವಳ ಬಗ್ಗೆ ಏನಾದರೂ ಬರೆದಿಡಿ ಎಂದು ಮಕ್ಕಳು ಹೇಳಿದರು. ನಾನು ಓದಿದ್ದು ಕಡಿಮೆ. ಒಳ್ಳೆಯವಳು, ಅಡುಗೆ ಚೆನ್ನಾಗಿ ಮಾಡುತ್ತಿದ್ದಳು ಎಂದು ಬರೆದರೆ ಅದು ಯಾರ ಹೆಂಡತಿಯ ಬಗ್ಗೆಯೂ ಆಗಬಹುದು. ಅದಕ್ಕೆ ಅವಳ ಮೂಗಿನ ಬಗ್ಗೆ ಬರೆಯುತ್ತೇನೆ. ಆ ಮೂಗು ಅವಳಿಗೆ ಮಾತ್ರ ಇತ್ತು.

ಅವಳು ನನ್ನ ಸ್ವಂತ ಅಕ್ಕನ ಮಗಳು. ಹಾಗಾಗಿ ಮದುವೆಯಾದ ಮೇಲೂ ನನ್ನನ್ನು ಮಾವ ಎಂದೇ ಕರೆಯುತ್ತಿದ್ದಳು. ಅಕ್ಕನೇ ನನಗೆ ಅತ್ತೆ. ಅಕ್ಕನ ಮನೆ ವೈದ್ಯನಾಥಪುರದಲ್ಲಿ, ನಮ್ಮ ಸಂಸಾರ ಮದ್ದೂರಿನಲ್ಲಿ. ನಡುವೆ ಶಿಂಷಾ ಹೊಳೆ ಇತ್ತು. ಅಕ್ಕನ ಬಾಯಿಯ ಮುಂದೆ ಆ ಹೊಳೆ ಸಾಲದು ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಎರಡನೇ ಮಹಾಯುದ್ಧದ ಕಾಲ. ಮದ್ದೂರಿನ ರೈಲ್ವೆ ಹಳಿಯ ಪಕ್ಕದಲ್ಲಿದ್ದ ಒಂದು ಸಣ್ಣ ಐಸ್ ಫ್ಯಾಕ್ಟರಿಯಲ್ಲಿ ನಾನು ಫಿಟ್ಟರ್ ಆಗಿದ್ದೆ. ಫ್ಯಾಕ್ಟರಿ ಎಂದರೆ ಯಂತ್ರ ಇಟ್ಟಿದ್ದ ಒಂದು ಮಿಶನ್ ಮನೆ, ಒಂದು ಉಪ್ಪುನೀರಿನ ತೊಟ್ಟಿ, ಒಬ್ಬರು ಸಾಹುಕಾರರು, ಒಬ್ಬ ಮೇಸ್ತ್ರಿ, ನಾನು. ನಮ್ಮ ಮಂಜುಗಡ್ಡೆ ಮಂಡ್ಯದ, ಮಳವಳ್ಳಿಯ ಸೋಡಾ ಅಂಗಡಿಗಳಿಗೆ ಬಸ್ಸಿನ ಮೇಲೆ ಹೋಗುತ್ತಿತ್ತು. ಭತ್ತದ ಹೊಟ್ಟು ತುಂಬಿ ಗೋಣಿತಟ್ಟು ಸುತ್ತಿ ಕಳಿಸಿದರೂ ಮಳವಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಕುರಿಯಷ್ಟು ದೊಡ್ಡದು ಬೆಕ್ಕಿನಷ್ಟಾಗಿರುತ್ತಿತ್ತು.

ಮಂಜುಗಡ್ಡೆ ಆಗಬೇಕಾದರೆ ಅಮೋನಿಯಾ ಎಂಬ ಗ್ಯಾಸು ಕಬ್ಬಿಣದ ಪೈಪುಗಳಲ್ಲಿ ಸುತ್ತುತ್ತಾ ತೊಟ್ಟಿಯ ಉಪ್ಪುನೀರನ್ನು ತಣ್ಣಗೆ ಮಾಡಬೇಕು. ಸುತ್ತಿದ ಗ್ಯಾಸೇ ಮತ್ತೆ ಸುತ್ತಬೇಕು, ಹೊರಗೆ ಹೋಗಬಾರದು. ನಮ್ಮದು ಹೋಗುತ್ತಿತ್ತು. ಒಮ್ಮೆಲೇ ಅಲ್ಲ, ದಿನಕ್ಕಿಷ್ಟು ಎಂದು ಹೋಗುತ್ತಿತ್ತು. ಆ ವಾಸನೆ ಹೇಗೆಂದರೆ, ಹಳೆಯ ಕೊಟ್ಟಿಗೆಯ ಗಂಜಲವನ್ನು ಬಟ್ಟಿ ಇಳಿಸಿ ಮೂಗಿಗೆ ಹಿಡಿದ ಹಾಗೆ. ಆದರೆ ವರ್ಷಗಟ್ಟಲೆ ಅದರಲ್ಲೇ ಇದ್ದವರಿಗೆ ಅದು ವಾಸನೆಯೇ ಅಲ್ಲ, ಬರೀ ಗಾಳಿ. ಮೇಸ್ತ್ರಿ ಮೂಗಿಗೆ ನಶ್ಯ ಏರಿಸುತ್ತಿದ್ದರು, ನಾನು ಬೀಡಿ. ಇಬ್ಬರ ಮೂಗೂ ಮುಖದ ಮೇಲೆ ಅಲಂಕಾರಕ್ಕಿದ್ದವು.

ಸೋರುವ ಜಾಗ ಹುಡುಕಲು ಗಂಧಕದ ಬತ್ತಿ ಹಚ್ಚಿ ಪೈಪಿನ ಉದ್ದಕ್ಕೂ ಹಿಡಿದುಕೊಂಡು ಹೋಗುತ್ತಿದ್ದೆವು. ಅಮೋನಿಯಾ ತಾಗಿದ ಕಡೆ ಬತ್ತಿಯಿಂದ ಬಿಳಿ ಹೊಗೆ ಏಳಬೇಕು. ಎಲ್ಲೂ ಏಳಲಿಲ್ಲ. ದೇವರ ಗೂಡಿನ ಹತ್ತಿರ ಹೊಗೆ ಇತ್ತು, ಆದರೆ ಅದು ಊದುಬತ್ತಿಯದು.

ದೇವರ ಗೂಡಿನ ವಿಷಯ ಇಲ್ಲೇ ಹೇಳಬೇಕು. ಮಿಶನ್ ಮನೆಯ ಮೂಲೆಯಲ್ಲಿ, ಗೋಡೆಯಿಂದ ಪೈಪು ಹೊರಬರುವ ಕಡೆ ಮೇಸ್ತ್ರಿ ಒಂದು ಹಲಗೆ ಹೊಡೆದು ದೇವರ ಪಟ ಇಟ್ಟಿದ್ದರು. "ಆ ಮೂಲೇಲಿ ಏನೋ ಕೆಟ್ಟ ಗಾಳಿ ಅದೆ ಕಣ್ಲಾ, ನಿಂತ್ರೆ ಎದೆ ಇಡ್ಕತದೆ. ಅದ್ಕೇ ದೇವ್ರನ್ನ ಕೂರ್ಸಿದ್ದು," ಎನ್ನುತ್ತಿದ್ದರು. ಬೆಳಿಗ್ಗೆ ಮಿಶನ್ ಶುರುಮಾಡುವ ಮೊದಲು ನಾಲ್ಕು ಊದುಬತ್ತಿ ಹಚ್ಚಿ ಕೈಮುಗಿದು ನಿಂತರೆ ಅವರ ಕಣ್ಣಿಂದ ಧಾರಾಕಾರವಾಗಿ ನೀರು ಸುರಿಯುತ್ತಿತ್ತು. ಸಾಹುಕಾರರು ನಮಗೆಲ್ಲ ಅದನ್ನು ತೋರಿಸಿ, "ಭಕ್ತಿ ಅಂದ್ರೆ ಇದು ಕಣ್ರಲಾ," ಎನ್ನುತ್ತಿದ್ದರು. ನಾನೂ ಒಂದೆರಡು ಸಲ ಅಲ್ಲಿ ನಿಂತು ಕೈಮುಗಿದೆ. ನನಗೂ ಕಣ್ಣೀರು ಬಂತು. ನನ್ನಲ್ಲಿ ಇಷ್ಟು ಭಕ್ತಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಗ್ಯಾಸು ಪೂರ್ತಿ ಖಾಲಿಯಾಗಿ ಮಿಶನ್ ನಿಂತಿತು. ಯುದ್ಧದ ಸಮಯದಲ್ಲಿ ಅಮೋನಿಯಾ ಸಿಗುತ್ತಿರಲಿಲ್ಲ. ಸಾಹುಕಾರರು ಎಷ್ಟೋ ಓಡಾಡಿ ಮದರಾಸಿನಿಂದ ಗೂಡ್ಸ್ ರೈಲಿನಲ್ಲಿ ಒಂದೇ ಒಂದು ಸಿಲಿಂಡರ್ ತರಿಸಿದರು. ಅದನ್ನು ಮದುಮಗಳಂತೆ ನೆರಳಲ್ಲಿ ಮಲಗಿಸಿ ನನ್ನನ್ನು ಕರೆದರು.

"ನೋಡ್ಲಾ, ಇದೂ ಗಾಳಿಗೋದ್ರೆ ಇನ್ನೊಂದು ಸಿಕ್ಕಾಕಿಲ್ಲ. ಬಾಗ್ಲಿಗೆ ಬೀಗ ಆಕ್ತೀನಿ. ಮೇಸ್ತ್ರಿಗೆ ರೈಲ್ವೇ ಪಿಂಚಣಿ ಅದೆ. ನೀನು ನಿಮ್ಮಕ್ಕನ ಮನೆಗೋಗಿ ಎಮ್ಮೆ ಮೇಯ್ಸು. ಮೊದ್ಲು ಸೋರೋದು ಎಲ್ಲಿ ಅಂತ ಪತ್ತೆ ಅಚ್ಚು, ಆಮೇಲೆ ಸಿಲಿಂಡರ್ ಮುಟ್ಟು."

ಮನೆಯಲ್ಲಿ ಈ ಮಾತು ಹೇಳಿದಾಗ ನನ್ನ ಹೆಂಡತಿ ಮುದ್ದೆ ತಿರುವುತ್ತಿದ್ದಳು. ಕೋಲು ನಿಂತಿತು.

"ಅವ್ವನ ಮನೆಗಾ?"

"ಊಂ."

"ನೀನು ಬೇಕಾರೆ ಓಗು ಮಾವ. ನಾನು ಬರಾಕಿಲ್ಲ. ಎದ್ದಾಗಿಂದ ಮಲಗೋಗಂಟ ಅವಳ ಬಾಯಿ ಕೇಳಾದಕ್ಕಿಂತ ಆ ಸಿಲಿಂಡರ್ ಒಳಗೆ ಓಗಿ ಕೂತ್ಕತೀನಿ."

ಸೋರುವ ಜಾಗ ಸಿಗದಿದ್ದರೆ ನಮ್ಮ ಒಲೆ ಎತ್ತಿ ಹೊಳೆಯ ಆಚೆ ಹೋಗಬೇಕು. ಇಬ್ಬರಿಗೂ ಅದು ಸ್ಪಷ್ಟವಾಯಿತು.

ಗ್ಯಾಸು ಇಲ್ಲದ ಪೈಪಿನಲ್ಲಿ ಗಂಧಕದ ಬತ್ತಿ ಕೆಲಸಕ್ಕೆ ಬಾರದು. ಆಗ ಮೇಸ್ತ್ರಿ ತಾವು ರೈಲ್ವೆಯಲ್ಲಿ ಕಲಿತ ಉಪಾಯ ಹೊರತೆಗೆದರು. ಪೈಪಿನೊಳಗೆ ಪೆಪ್ಪರ್‌ಮೆಂಟ್ ಎಣ್ಣೆ ಸುರಿಯುವುದು, ಮಿಶನ್‌ನಿಂದ ಗಾಳಿ ತುಂಬಿ ಒತ್ತಡ ಏರಿಸುವುದು, ಆಮೇಲೆ ಜೋಡಣೆ ಜೋಡಣೆಯನ್ನೂ ಮೂಸುತ್ತಾ ಹೋಗುವುದು. ಎಲ್ಲಿ ಪೆಪ್ಪರ್‌ಮೆಂಟ್ ವಾಸನೆಯೋ ಅಲ್ಲಿ ತೂತು. ಇದಕ್ಕೆ ಒಂದೇ ಒಂದು ನಿಯಮವೆಂದು ಬೆರಳೆತ್ತಿ ಹೇಳಿದರು: "ಸುರ್ಯೋನು ಮೂಸಂಗಿಲ್ಲ, ಮೂಸೋನು ಸುರ್ಯಂಗಿಲ್ಲ. ಸುರ್ದೋನು ಆ ಕಡೆ ತಲೇನೂ ಆಕ್ಬಾರ್ದು."

ಆಸ್ಪತ್ರೆಯ ಕಾಂಪೌಂಡರ್ ಹತ್ತಿರ ಕಾಡಿ ಬೇಡಿ ಎರಡು ಸೀಸೆ ಎಣ್ಣೆ ತಂದೆ. ಸುರಿಯುವವನು ನಾನು. ಸುರಿಯುವಾಗ ಕೈ ಜಾರಿ ಮೊದಲ ಸೀಸೆಯ ಅರ್ಧ ಪೈಪಿಗೆ ಹೋಯಿತು, ಅರ್ಧ ನನ್ನ ಅಂಗಿಗೆ. ಮೇಸ್ತ್ರಿಗೆ ಹೇಳಲಿಲ್ಲ. ನಿಯಮದಂತೆ ಹೊರಗೆ ಹೋಗಿ ನಿಂತೆ.

ಆದರೆ ಸ್ಪ್ಯಾನರ್ ಹಿಡಿಯುವವನೂ ನಾನೇ. ಮೇಸ್ತ್ರಿ ಒಂದು ಜೋಡಣೆಯ ಹತ್ತಿರ ಬಗ್ಗಿ ಅನುಮಾನದಿಂದ ನನ್ನನ್ನು ಕೂಗಿದರು. ನಾನು ಪಕ್ಕದಲ್ಲಿ ನಿಂತ ಕೂಡಲೇ ಅವರ ಮುಖ ಅರಳಿತು.

"ವಾಸ್ನೆ ಬಂತು! ಇಲ್ಲೇ ಕಣ್ಲಾ! ಬಿಗಿ!"

ಬಿಗಿದೆ. ಮುಂದಿನ ಜೋಡಣೆಗೆ ಹೋದರು, ನಾನೂ ಹೋದೆ. "ಇಲ್ಲೂ ಅದೆ! ಬಿಗಿ!" ಮಧ್ಯಾಹ್ನದ ಹೊತ್ತಿಗೆ ಮಿಶನ್ ಮನೆಯ ಒಂದು ಬೋಲ್ಟೂ ಬಾಕಿ ಉಳಿಯಲಿಲ್ಲ. ಎಲ್ಲವೂ ಸೋರುತ್ತಿದ್ದವು. ಮೇಸ್ತ್ರಿಗೆ ತಲೆಕೆಟ್ಟು, ಗೋಡೆಗೆ ಒರಗಿಸಿದ್ದ ಏಣಿಯನ್ನು ಮೂಸಿದರು. ನಾನು ಏಣಿ ಹಿಡಿದುಕೊಂಡಿದ್ದೆ. ಏಣಿಯೂ ಸೋರುತ್ತಿತ್ತು. ಆಗ ನಿಧಾನಕ್ಕೆ ತಿರುಗಿ ನನ್ನ ಹೆಗಲಿಗೆ ಮೂಗು ತಂದರು.

"ಲೇ ಮುಂಡೇದೇ," ಎಂದರು ಶಾಂತವಾಗಿ. "ತೂತು ನೀನೇ ಕಣ್ಲಾ."

ಮನೆಗೆ ಬಂದೆ. ಹೆಂಡತಿ ಬಾಗಿಲಿಗೇ ಬಂದಳು. "ಇದೇನ್ ಮಾವ, ಬೀಡಿ ಮುಚ್ಚಾಕೆ ಪೆಪ್ಪರ್‌ಮೆಂಟ್ ಅಂಗ್ಡೀನೇ ನುಂಗ್ಕಂಡ್ ಬಂದಿದ್ದೀಯ?" ಎಂದಳು. ಮತ್ತೆ ಒಂದು ಸಲ ಉಸಿರೆಳೆದು, "ಅದ್ರಡೀಲಿ ಎರಡು," ಎಂದಳು.

ನಡೆದದ್ದೆಲ್ಲ ಹೇಳಿದೆ. ಅವಳು ನಗಲಿಲ್ಲ. ಯೋಚಿಸಿ, "ನಾಳೆ ನಾನು ಬತ್ತೀನಿ," ಎಂದಳು.

ಮೇಸ್ತ್ರಿ ಒಪ್ಪಲಿಲ್ಲ. ಹೆಂಗಸರು ಮಿಶನ್ ಮನೆಗೆ ಕಾಲಿಟ್ಟಿದ್ದೇ ಇಲ್ಲ ಎಂದರು. ಸಂಜೆ ಅವರ ಮನೆಗೆ ನಾವಿಬ್ಬರೂ ಹೋಗಿದ್ದೆವು, ಅವರು ಜಗುಲಿಯ ಆ ತುದಿಯಲ್ಲಿ, ಇವಳು ಬೀದಿಯಲ್ಲಿ. ಇವಳು ಅಲ್ಲಿಂದಲೇ, "ಮೇಸ್ತ್ರಣ್ಣ, ಉಳ್ಳಿಕಾಳಿನ ಸಾರು ಮೊನ್ನೇದಾ?" ಎಂದು ಕೇಳಿದಳು. ಮೇಸ್ತ್ರಿ ತಮ್ಮ ಬಲಗೈಯನ್ನು ನೋಡಿಕೊಂಡರು. ಒಳಗಿನಿಂದ ಅವರ ಹೆಂಡತಿ, "ಮೊನ್ನೇದೇ ಕಣವ್ವ!" ಎಂದು ಕೂಗಿದರು. ಮೇಸ್ತ್ರಿ ಕೈಯನ್ನು ಪಂಚೆಗೆ ಒರೆಸಿಕೊಂಡು, "ಬೆಳಿಗ್ಗೆ ಬಾರವ್ವ," ಎಂದರು.

ಮರುದಿನ ನಾನು ಬೇರೆ ಅಂಗಿ ಹಾಕಿಕೊಂಡು ಮುಂಚೆ ಹೋದೆ. ಎರಡನೇ ಸೀಸೆಯನ್ನು ಸುರಿದು ಮಿಶನ್ ಓಡಿಸಿ ಗಾಳಿ ತುಂಬಿದೆ. ಈ ಸಲ ಚೆಲ್ಲಲಿಲ್ಲ, ಆದರೂ ಮೇಸ್ತ್ರಿ ನನ್ನನ್ನು ನಂಬಲಿಲ್ಲ. ಗಾಳಿ ಬೀಸುವ ದಿಕ್ಕು ನೋಡಿ, ಹಳಿಯ ಆಚೆ ಇದ್ದ ಹುಣಸೆಮರದ ಬುಡ ತೋರಿಸಿ, ತಾವು ಕರೆಯುವ ತನಕ ಅಲ್ಲೇ ಕೂತಿರಬೇಕೆಂದರು. ನಾನು ಅಲ್ಲಿ ಕೂತಿದ್ದೆ. ಒಳಗೆ ಏನಾಯಿತೆಂಬುದನ್ನು ಆಮೇಲೆ ಅವಳೂ ಮೇಸ್ತ್ರಿಯೂ ಹೇಳಿದ್ದು.

ಅವಳು ಮನೆಯಲ್ಲಿ ತನ್ನ ಮೂಗನ್ನು ಸಿದ್ಧ ಮಾಡಿಕೊಂಡ ರೀತಿಯಿಂದಲೇ ಮುಂದಿನದೆಲ್ಲ ಆಯಿತು. ಮೈಗೆ ತಾಗಿದ ವಾಸನೆಗಳು ಮೂಗಿಗೆ ಅಡ್ಡ ಬರುತ್ತವೆಂದು ತಲೆಗೆ ಎಣ್ಣೆ ಹಾಕಲಿಲ್ಲ, ಬರೀ ನೀರಿನಲ್ಲಿ ತಲೆ ತೊಳೆದು ಕೂದಲು ಬಿಟ್ಟುಕೊಂಡಳು. ಹೂ ಮುಡಿಯಲಿಲ್ಲ. ಕೆನ್ನೆಗೆ ಅರಿಶಿನ ಹಚ್ಚಲಿಲ್ಲ. ಬೆವೆತರೆ ಇಳಿದು ಮೂಗಿಗೇ ಬರುತ್ತದೆಂದು ಹಣೆಯ ಕುಂಕುಮವನ್ನೂ ಒರೆಸಿದಳು. ತಾಳಿಯ ದಾರಕ್ಕೆ ದಿನಾ ಅರಿಶಿನ ಹಚ್ಚುವುದರಿಂದ ಅದನ್ನು ಬೆನ್ನಿನ ಕಡೆಗೆ ತಿರುಗಿಸಿಕೊಂಡಳು. ಹಳೆಯ ಬಿಳಿಯ ಸೀರೆ ಉಟ್ಟು, ಬೀದಿಯ ವಾಸನೆ ತಾಗದ ಹಾಗೆ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು, ಕಂಕುಳಲ್ಲಿ ಒಂದು ಹೊಸ ಮಣ್ಣಿನ ಕುಡಿಕೆ ಹಿಡಿದುಕೊಂಡು ಹೊರಟಳು. ನಡುನಡುವೆ ಮೂಗು ತೊಳೆದುಕೊಳ್ಳಲು ಆ ಕುಡಿಕೆ. ಖಾಲಿ ಮಣ್ಣಿನ ವಾಸನೆ ಎಳೆದರೆ ಹಿಂದಿನದೆಲ್ಲ ಮರೆಯುತ್ತದೆ ಎನ್ನುತ್ತಿದ್ದಳು.

ಎದುರುಮನೆಯ ಹೆಂಗಸು ಇದನ್ನು ನೋಡಿದಳು. ಬಿಳಿಯ ಸೀರೆ, ಬೋಳು ಹಣೆ, ಬಿಚ್ಚಿದ ಕೂದಲು, ಮುಖದ ಮೇಲೆ ಸೆರಗು, ಕಂಕುಳಲ್ಲಿ ಮಣ್ಣಿನ ಕುಡಿಕೆ.

"ಅಯ್ಯೋ, ಏನಾಯ್ತವ್ವ? ಎಲ್ಲಿಗ್ ಓಯ್ತಾ ಇದ್ದೀಯೆ?"

ನನ್ನ ಹೆಂಡತಿ ಉಸಿರು ಉಳಿಸಿಕೊಳ್ಳಲು ಚಿಕ್ಕದಾಗಿ ಮಾತಾಡಿದಳು. "ಪ್ಯಾಕ್ಟ್ರಿಗೆ. ಗ್ಯಾಸು," ಎಂದಳು. ಕೈಯಾಡಿಸಿ ಮುಂದೆ ನಡೆದಳು.

ಎದುರುಮನೆಯವಳಿಗೆ ಇನ್ನೇನು ಬೇಕು? ವೈದ್ಯನಾಥಪುರದ ಕಡೆ ಹೊರಟ ಒಂದು ಗಾಡಿ ನಿಲ್ಲಿಸಿ ನನ್ನ ಸಾವಿನ ಸುದ್ದಿ ಕಳಿಸಿದಳು.

ನನಗೆ ಇದು ಯಾವುದೂ ಗೊತ್ತಿಲ್ಲ. ಮರದಡಿ ಕೂತು ಒಂದು ಬೀಡಿ ಸೇದಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ಬಿಸಿಲೇರಿದ ಮೇಲೆ ದೂರದಿಂದ ಗೋಳು ಕೇಳಿಸಿತು. ಹತ್ತು ಹನ್ನೆರಡು ಜನ ಬರುತ್ತಿದ್ದರು, ಮುಂದೆ ಎದೆ ಬಡಿದುಕೊಳ್ಳುತ್ತಾ ನನ್ನ ಅಕ್ಕ. ಬಂದವರೇ ಫ್ಯಾಕ್ಟರಿಯ ಬಾಗಿಲ ಮುಂದೆ ಕೂತುಬಿಟ್ಟರು.

"ಅಯ್ಯೋ ನನ್ ತಮ್ಮಾ! ನನ್ನೊಡುಟ್ಟಿದ ಬಂಗಾರವೇ! ಒಂದಿನಾನೂ ನಂಗೆ ಎದುರುತ್ತರ ಕೊಟ್ಟೋನಲ್ವಲ್ಲೋ! ನೀನು ನಡದ್ರೆ ನೆಲ ನೋಯ್ತದೆ ಅಂತ ನಡೀತಿದ್ಯಲ್ಲೋ!"

ಹಿಂದಿನ ವಾರವಷ್ಟೇ ಅವಳು ನನ್ನನ್ನು ಸೋಂಬೇರಿ ಎಂದಿದ್ದಳು, ಅದೂ ಎಮ್ಮೆಯ ಮುಂದೆ. ನೆಲ ನೋಯದ ಹಾಗೆ ನಡೆಯುತ್ತೇನೆಂಬುದು ಅದೇ ಸೋಂಬೇರಿತನ ಇರಬೇಕು. ಯಾರು ಸತ್ತರೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ತಕ್ಷಣ ಎದ್ದು ಹೋಗಬೇಕಾಗಿತ್ತು. ಹೋಗಲಿಲ್ಲ. ನಿಯಮ ಇತ್ತು, ಅದೊಂದು ಕಾರಣ. ಇನ್ನೊಂದು ಕಾರಣ, ನನ್ನನ್ನು ಯಾರೂ ಅಷ್ಟು ಹೊಗಳಿದ್ದನ್ನು ನಾನು ಕೇಳಿರಲಿಲ್ಲ. ಇನ್ನೂ ಸ್ವಲ್ಪ ಕೇಳೋಣ ಅನ್ನಿಸಿತು.

"ರಾಜನ್ ಮಗನಂಗಿದ್ಯಲ್ಲೋ! ಬೀಡಿ ಕಡ್ಡಿ ಮುಟ್ದೋನಲ್ವಲ್ಲೋ!" ನನಗೇ ನಾಚಿಕೆಯಾಯಿತು. "ಮಾರ್ನಮಿಗೆ ನನ್ ಇತ್ತಾಳೆ ಕೊಳಗ ತಕ್ಕಂಡೋಗಿದ್ಯಲ್ಲೋ! ಅದ್ನ ಇನ್ ಯಾರ್ನ ಕೇಳ್ಲೋ!"

ಇದಕ್ಕೆ ಸುಮ್ಮನಿರಲಾಗಲಿಲ್ಲ. ಎದ್ದು ನಿಂತು ಕೂಗಿದೆ: "ಕೊಳಗ ಮನೇಲೇ ಅದೆ ಕಣಕ್ಕಾ!"

ಗೋಳು ನಿಂತಿತು. ಎಲ್ಲರೂ ತಿರುಗಿದರು. ಹುಣಸೆಮರದ ಕೆಳಗೆ, ನೆತ್ತಿಯ ಬಿಸಿಲಿನಲ್ಲಿ, ಸತ್ತವನು ನಿಂತಿದ್ದ. ಒಬ್ಬ ಮುದುಕ ಮಣ್ಣಿನ ಹೆಂಟೆ ಎತ್ತಿ ನನ್ನ ಕಡೆ ಎಸೆದ. ಉಳಿದವರು ಚೆಲ್ಲಾಪಿಲ್ಲಿಯಾದರು. ಅಕ್ಕ ಮಾತ್ರ ಕದಲದೆ, "ದೆವ್ವ ಆದ್ರೂ ಕೊಳಗ ಗ್ಯಾಪ್ಕ ಮಡೀಕಂಡದಲ್ಲಪ್ಪ," ಎಂದಳು. ಆಮೇಲೆ ದಡದಡ ನಡೆದು ಬಂದು ನನ್ನ ಕೆನ್ನೆಗೆ ಹೊಡೆದಳು. ಹೊಡೆದದ್ದು ಮೈಗೆ ತಾಗಿದ ಮೇಲೆ ಅವಳಿಗೆ ನಂಬಿಕೆ ಬಂತು. ಅಪ್ಪಿಕೊಂಡು ನಿಜವಾಗಿ ಅತ್ತಳು. ಅತ್ತು ಮೂಗೊರೆಸಿಕೊಂಡು, "ಇದ್ಯಾಕ್ಲಾ ಮಿಠಾಯಿ ನಾತ ನಾರ್ತೀಯ?" ಎಂದಳು.

ಈ ಗಲಾಟೆಯೇ ನಮ್ಮ ಕೆಲಸ ಉಳಿಸಿದ್ದು. ಒಳಗೆ ನನ್ನ ಹೆಂಡತಿ ಎಲ್ಲ ಜೋಡಣೆಗಳನ್ನೂ ಮೂಸಿ ಮುಗಿಸಿದ್ದಳು. ಒಂದರಲ್ಲೂ ವಾಸನೆ ಇರಲಿಲ್ಲ, ಹಿಂದಿನ ದಿನ ನಾನು ಅಷ್ಟು ಬಿಗಿದಿದ್ದೆ. ದೇವರ ಗೂಡಿನ ಹತ್ತಿರ ಬಂದಾಗ ಅವಳು, "ಮೇಸ್ತ್ರಣ್ಣ, ಈ ಊದುಬತ್ತಿ ಆರ್ಸಿ, ಪಟ ತೆಗೀರಿ," ಎಂದಳಂತೆ. ಮೇಸ್ತ್ರಿ, "ದೇವ್ರ ಇಂದೆ ಮೂಸದಾ? ಮೂವತ್ ವರ್ಸ ಮಿಶನ್ ಕೆಲ್ಸ ಮಾಡಿವ್ನಿ, ಯಾರೂ ಈ ಮಾತು ಅಂದಿಲ್ಲ," ಎಂದು ಅಡ್ಡ ನಿಂತರಂತೆ. ಪೆಪ್ಪರ್‌ಮೆಂಟಿಗೂ ಮೊದಲು ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದಾಗಲೂ ನಾವು ಆ ಜಾಗ ಬಿಟ್ಟಿದ್ದೆವು. ದೇವರ ಬೆನ್ನಿಗೆ ಸೋಪು ಹಚ್ಚುವವರು ಯಾರು?

ಅಷ್ಟರಲ್ಲಿ ಹೊರಗೆ ಗೋಳು ಎದ್ದಿತು. ಮೇಸ್ತ್ರಿ ನೋಡಲು ಓಡಿದರು. ಅವರು ಬಾಗಿಲು ದಾಟಿದ್ದೇ ಅವಳು ಊದುಬತ್ತಿಗಳನ್ನು ಬೆರಳಲ್ಲಿ ಚಿವುಟಿ ಆರಿಸಿದಳು. ಪಟವನ್ನು ಕಣ್ಣಿಗೊತ್ತಿಕೊಂಡು ಕೆಳಗಿಟ್ಟಳು. ಹೊಗೆ ಚದುರುವ ತನಕ ಕಾದಳು. ಹೊರಗೆ ತನ್ನವ್ವ ತನ್ನ ಗಂಡನ ಹೆಸರು ಹಿಡಿದು ಅಳುತ್ತಿದ್ದುದು ಅವಳಿಗೆ ಕೇಳಿಸುತ್ತಿತ್ತು. "ಬಂದು ಹೇಳಬಾರದಿತ್ತೇ?" ಎಂದು ಆಮೇಲೆ ಕೇಳಿದೆ. "ನೀನು ಬದ್ಕಿರದು ನಂಗೆ ಗೊತ್ತಿತ್ತಲ್ಲ ಮಾವ," ಎಂದಳು. ಕುಡಿಕೆಯ ವಾಸನೆ ಎಳೆದುಕೊಂಡು ಗೋಡೆಯ ಹತ್ತಿರ ಮುಖ ತಂದಳು.

ನಾವು ಹೊರಗೆ ಅಳುತ್ತಾ ನಗುತ್ತಾ ನಿಂತಿರುವಾಗ ಅವಳು ಬಾಗಿಲಿಗೆ ಬಂದು, "ಸಿಕ್ತು!" ಎಂದು ಕೂಗಿದಳು. ಅಕ್ಕ ಮಗಳ ಬೋಳು ಹಣೆ ನೋಡಿ ಮತ್ತೆ ಕಿರುಚಿದಳು. "ಮುಂಡೇದೇ, ಗಂಡ ಬದ್ಕಿದ್ದಂಗೇ ಇದೇನ್ ವೇಸ ಆಕಿದ್ದೀಯೆ!" ಎಂದು ಒಳಗೆ ನುಗ್ಗಿ, ದೇವರ ಗೂಡಿನ ಕುಂಕುಮದ ಬಟ್ಟಲು ಕಂಡು ಅದಕ್ಕೆ ಕೈಹಾಕಿದಳು.

"ತಡಿಯವ್ವ, ಇನ್ನೊಂದ್ ಸಲ ಮೂಸ್ಬೇಕು. ಅತ್ರ ಬರಬ್ಯಾಡ, ನಿನ್ ಬಾಯ್ತುಂಬ ಎಲೆಅಡ್ಕೆ."

ಅಕ್ಕ ಬಾಯಿ ಮುಚ್ಚಿಕೊಂಡು ಗೋಡೆಗೆ ಆತು ನಿಂತಳು. ಅವಳ ಬಾಯಿಯನ್ನು ಯಾರಾದರೂ ಮುಚ್ಚಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಬಾಗಿಲಾಚೆಯೇ ನಿಂತೆ. ಮೇಸ್ತ್ರಿ ಪಟದ ಹಿಂದಿನ ಜೋಡಣೆಗೆ ಸೋಪಿನ ನೀರು ಸವರಿದರು. ಅಕ್ಕಿಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಒಳಗಿನ ವಾಷರು ಹಪ್ಪಳದಂತೆ ಒಣಗಿ ಬಿರಿದಿತ್ತು. ಮೇಸ್ತ್ರಿ ಅದನ್ನು ನೋಡಿದರು, ದೇವರ ಪಟ ನೋಡಿದರು, ಇಷ್ಟು ವರ್ಷ ಸುರಿಸಿದ ಕಣ್ಣೀರನ್ನು ನೆನೆಸಿಕೊಂಡರೋ ಏನೋ, ನಶ್ಯದ ಡಬ್ಬಿ ತೆಗೆದು ಮತ್ತೆ ಒಳಗಿಟ್ಟರು.

ಹೊಸ ವಾಷರು ಹಾಕಿ, ಗಾಳಿ ತೆಗೆದು, ಸಿಲಿಂಡರಿನ ಗ್ಯಾಸು ತುಂಬಿದೆವು. ಗಂಧಕದ ಬತ್ತಿ ಹಿಡಿದು ಎಲ್ಲ ಕಡೆ ನಡೆದೆ. ಗೂಡಿನ ಹತ್ತಿರ ಮೂರು ಸಲ ಸುತ್ತಿಸಿ ಹಿಡಿದೆ. ಬಿಳಿ ಹೊಗೆ ಏಳಲಿಲ್ಲ. ಸಾಹುಕಾರರು ಬತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೂ ಹಿಡಿದು ನೋಡಿ, "ಎಮ್ಮೆ ತಪ್ಪಿಸ್ಕಂತು ಬುಡು," ಎಂದರು.

ಮೊದಲ ಮಂಜುಗಡ್ಡೆಯಲ್ಲಿ ಒಂದು ದೊಡ್ಡ ತುಂಡನ್ನು ಅವರು ನನ್ನ ಹೆಂಡತಿಗೆ ಕೊಟ್ಟರು. ಅವಳು ಅದನ್ನು ಅಕ್ಕನ ಹಿತ್ತಾಳೆ ಕೊಳಗದಲ್ಲಿಟ್ಟು ವೈದ್ಯನಾಥಪುರಕ್ಕೆ ಕಳಿಸಿದಳು. ಬರಿ ನೀರು ತುಂಬಿ ಕೊಳಗ ವಾಪಸು ಕಳಿಸಿದ್ದಾರೆಂದು ಅಕ್ಕ ಸಾಯುವ ತನಕ ಊರಿಗೆಲ್ಲ ಹೇಳುತ್ತಿದ್ದಳು.

ಪಾಪ, ಮೇಸ್ತ್ರಿಗೆ ಕಷ್ಟವಾಯಿತು. ಹೊಸ ಜಾಗದಲ್ಲಿ ಪಟ ಇಟ್ಟು ಕೈಮುಗಿದು ಎಷ್ಟು ಹೊತ್ತು ನಿಂತರೂ ಏನೂ ಆಗುತ್ತಿರಲಿಲ್ಲ. "ಕಣ್ಣಲ್ಲಿ ಒಂದ್ ತೊಟ್ಟು ನೀರ್ ಬರಾಕಿಲ್ಲ ಕಣ್ಲಾ," ಎಂದು ನನ್ನೊಬ್ಬನ ಹತ್ತಿರ ಹೇಳಿಕೊಂಡರು. "ದೇವ್ರು ನನ್ ಕೈ ಬುಟ್ಬುಟ್ಟ."

ತೂತು ಸಿಕ್ಕ ಆ ದಿನ ಅವಳು ಹಣೆಗೆ ಕುಂಕುಮ ಇಟ್ಟುಕೊಂಡು, ದಾರಿಯಲ್ಲಿ ಮಲ್ಲಿಗೆ ಕೊಂಡು ಮುಡಿದು ಮನೆಗೆ ನಡೆದಳು. ನಾನು ಜೊತೆಗೆ ಹೆಜ್ಜೆ ಹಾಕಲು ಹೋದೆ. "ನೀನು ಇಂದೆ ಬಾ ಮಾವ. ನೀನ್ ಅತ್ರ ಇದ್ರೆ ಹೂವಿನ ವಾಸನೇನೇ ಗೊತ್ತಾಗ್ದು," ಎಂದಳು. ಹತ್ತು ಹೆಜ್ಜೆ ಹಿಂದೆ ನಡೆದೆ. ಎದುರುಮನೆಯವಳು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಕೊನೆಯ ತಿಂಗಳುಗಳಲ್ಲಿ ಅವಳ ಮೂಗು ಹೋಗಿತ್ತು. ಅವಳು ಹೇಳಲಿಲ್ಲ. ನಾನು ಬೀಡಿ ಸೇದಿ ಮುಂದೆ ಬಂದು ಕೂತೆ, "ಎಷ್ಟು?" ಎಂದು ಕೇಳಲಿಲ್ಲ, ಆಗ ನನಗೆ ತಿಳಿಯಿತು. ನಾನೇ "ಎರಡು" ಎಂದೆ. "ಊಂ, ಗೊತ್ತಾಯ್ತು," ಎಂದಳು. ನಾನು ಸೇದಿದ್ದು ಮೂರು.

ಅವಳನ್ನು ಹೊರಡಿಸಿದ ದಿನ, ಮುತ್ತೈದೆಯೆಂದು ಮುಖದ ತುಂಬ ಅರಿಶಿನ ಹಚ್ಚಿದರು, ಕಾಸಗಲ ಕುಂಕುಮ ಇಟ್ಟರು, ತಲೆಯ ತುಂಬ ಮಲ್ಲಿಗೆ ಮುಡಿಸಿದರು. ತಲೆದೆಸೆಯಲ್ಲಿ ಕಟ್ಟುಗಟ್ಟಲೆ ಊದುಬತ್ತಿ. ಹಾಡಿ ಅಳಲು ಅಕ್ಕ ಇರಲಿಲ್ಲ. ಹತ್ತಿರ ಬಂದು ನಿಂತುಕೊಳ್ಳಿ ಎಂದು ಜನ ನನ್ನನ್ನು ಕರೆದರು. ಬೆಳಿಗ್ಗೆ ತಡೆಯಲಾರದೆ ಹಿತ್ತಲಲ್ಲಿ ಬೀಡಿ ಸೇದಿ ಬಂದಿದ್ದೆ. ಹತ್ತು ಹೆಜ್ಜೆ ದೂರದಲ್ಲೇ ನಿಂತೆ.